ಹುಳುಮನೆ ಮುಂದಿನ ಡೀಸೆಲ್ ಇಂಜಿನ್ನು

ಮಾಂಬಳ್ಳಿಯ ದೊಡ್ಡಸಿದ್ದಯ್ಯನ ಪ್ಲೈಮೌತ್ ಕಾರು ನಿಂತದ್ದು ಕೆಟ್ಟು ಅಲ್ಲ. ಕೆಟ್ಟಿದ್ದರೆ ಅವನೇ ರಿಪೇರಿ ಮಾಡಿಕೊಳ್ಳುತ್ತಿದ್ದ. ಅದು ನಿಂತದ್ದು ಪೆಟ್ರೋಲಿನ ಬೆಲೆ ಏರಿದ್ದರಿಂದ. ಎಪ್ಪತ್ನಾಲ್ಕರ ಸಂಕ್ರಾಂತಿಯ ಹೊತ್ತಿಗೆ ಯಳಂದೂರಿನಿಂದ ಬೆಟ್ಟಕ್ಕೋ ಕೊಳ್ಳೇಗಾಲದಿಂದ ಹನೂರಿಗೋ ಬಾಡಿಗೆ ಕೇಳಲು ಬಂದವರು ಅವನು ಹೇಳಿದ ದರ ಕೇಳಿ, ಅಷ್ಟು ಕೊಟ್ಟರೆ ದೇವರೇ ಬೆಟ್ಟ ಇಳಿದು ಬರುತ್ತಾನೆ ಎಂದು ನಕ್ಕು ಬಸ್ಸು ಹತ್ತತೊಡಗಿದರು. ಕಾರು ಅಂಗಳದ ಹುಣಸೆ ಮರದ ಕೆಳಗೆ ನಿಂತಿತು. ಕೋಳಿಗಳು ಅದರ ಮಡ್‌ಗಾರ್ಡಿನ ಮೇಲೆ ಕೂರುವುದನ್ನು ಕಲಿತವು.

ಸುತ್ತಮುತ್ತ ಅವನಿಗೆ 'ಕಾರು ಸಿದ್ದಯ್ಯ' ಎಂದೇ ಹೆಸರು. ಕೊಳ್ಳೇಗಾಲದ ರೇಷ್ಮೆ ಸಾಹುಕಾರರೊಬ್ಬರು ಮಾರಿದ ಆ ಗಾಡಿಯನ್ನು ಕೊಂಡ ದಿನದಿಂದ ಅವನು ಯಾರ ಕೈಕೆಳಗೂ ದುಡಿದವನಲ್ಲ. ಅದರ ಇಂಜಿನ್ನು ಎಷ್ಟು ಮೆತ್ತಗೆ ಓಡುತ್ತದೆಂದರೆ ಬಾನೆಟ್ಟಿನ ಮೇಲೆ ತುಂಬಿದ ಲೋಟ ಇಟ್ಟರೂ ನೀರು ತುಳುಕುವುದಿಲ್ಲ ಎಂದು ಹೇಳುತ್ತಿದ್ದ. ನಂಬದವರಿಗೆ ಲೋಟ ತರಿಸಿ ತೋರಿಸುತ್ತಲೂ ಇದ್ದ. ಇನ್ನೊಂದು ಬಿಂಕವೂ ಅವನಿಗಿತ್ತು. ಎಂಥ ದೊಡ್ಡ ಮನುಷ್ಯರು ಬಾಡಿಗೆಗೆ ಬಂದರೂ ಅವರ ಗಂಟು ಮೂಟೆ ಮುಟ್ಟುತ್ತಿರಲಿಲ್ಲ. ಸ್ಟೇರಿಂಗ್ ಹಿಡಿಯೋ ಕೈ ಗಂಟು ಹೊರಕ್ಕಿಲ್ಲ ಎನ್ನುವುದು ಅವನ ಮಾತು. ಮನೆಯ ಮೂಟೆಗೂ ಅದೇ ನಿಯಮ. ಹೆಂಡತಿ ಚಿಕ್ಕನಿಂಗಮ್ಮ ತೋಟದಿಂದ ಸೊಪ್ಪಿನ ಹೊರೆ ಹೊತ್ತು ಎದುರಿಗೆ ಬಂದರೆ ದಾರಿ ಬಿಡುತ್ತಿದ್ದ, ಅಷ್ಟೆ.

ಮನೆ ನಡೆಯುತ್ತಿದ್ದದ್ದು ಆ ಸೊಪ್ಪಿನಿಂದಲೇ. ಚಿಕ್ಕನಿಂಗಮ್ಮ ರೇಷ್ಮೆ ಹುಳು ಸಾಕುತ್ತಿದ್ದಳು. ಅಂಗಳಕ್ಕೆ ಕಿಟಕಿ ಇದ್ದ ಉದ್ದನೆಯ ಕೋಣೆಯೇ ಹುಳುಮನೆ. ಒಳಗೆ ಬಿದಿರು ತಟ್ಟೆಗಳ ಅಟ್ಟಣೆ. ಹುಳು ಮನೆಯಲ್ಲಿರುವಷ್ಟು ದಿನ ಒಲೆಯ ಮೇಲೆ ಒಗ್ಗರಣೆ ಸಿಡಿಯುವಂತಿರಲಿಲ್ಲ, ಆ ವಾಸನೆ ಹುಳುವಿಗೆ ಆಗದು. ಉಪ್ಸಾರು, ಮುದ್ದೆ, ಮತ್ತೆ ಉಪ್ಸಾರು. ದೊಡ್ಡಸಿದ್ದಯ್ಯನ ಮುದಿ ತಾಯಿ ಗುರುಬಸಮ್ಮ ಹೊಗೆಸೊಪ್ಪು ಹಾಕುವವಳಾದ್ದರಿಂದ ಅವಳನ್ನು ಹೊರಜಗಲಿಗೆ ಗಡೀಪಾರು ಮಾಡಿ, ಮುದ್ದೆಯನ್ನು ಅಲ್ಲಿಗೇ ಕಳಿಸುತ್ತಿದ್ದರು. ನನ್ನ ಸೊಸೆಗೆ ಅತ್ತೆಗಿಂತ ಹುಳ ಹೆಚ್ಚು ಎಂದು ಮುದುಕಿ ದಾರಿಯಲ್ಲಿ ಹೋಗುವವರಿಗೆಲ್ಲ ಹೇಳುತ್ತಿದ್ದಳು.

ಮಗ ಮಾದಣ್ಣ ಕೊಳ್ಳೇಗಾಲದಲ್ಲಿ ಚಿನ್ನಸ್ವಾಮಿ ಎಂಬ ಮೆಕ್ಯಾನಿಕ್ಕಿನ ಶೆಡ್ಡಿನಲ್ಲಿ ಕೆಲಸಕ್ಕಿದ್ದ. ಚಿನ್ನಸ್ವಾಮಿ ಈರೋಡಿನ ಕಡೆಯವನು. ಅಲ್ಲಿ ಹಳೇ ಕಾರುಗಳಿಗೆಲ್ಲ ಡೀಸೆಲ್ ಇಂಜಿನ್ನು ಕೂರಿಸಿ ಟ್ಯಾಕ್ಸಿ ಓಡಿಸುತ್ತಿದ್ದಾರೆಂದೂ, ಗುಜರಿಗೆ ಬಂದ ವ್ಯಾನೊಂದರ ಒಳ್ಳೆಯ ಇಂಜಿನ್ನು ಸಿಗುತ್ತದೆಂದೂ, ಮಾದಣ್ಣ ಸಂಬಳದಲ್ಲಿ ಮುರಿಸಿಕೊಂಡರೆ ತರಿಸಿಕೊಡುತ್ತೇನೆಂದೂ ಹೇಳಿದ್ದ. ಮಾದಣ್ಣ ಆ ಸುದ್ದಿಯನ್ನು ರಾತ್ರಿಯ ಊಟಕ್ಕೆ ಕೂತಾಗ ತೆಗೆದ.

ದೊಡ್ಡಸಿದ್ದಯ್ಯ ಮುದ್ದೆ ಮುರಿಯುವುದನ್ನು ನಿಲ್ಲಿಸಿದ. "ಕುದುರೆಗೆ ಕೋಣನ ಗುಂಡಿಗೆ ಮಡಗ್ತೀಯೇನ್ಲಾ?"

"ನಿಂತಿರೋ ಕುದುರೆಗಿಂತ ನಡಿಯೋ ಕೋಣ ಮೇಲು ಕಣಪ್ಪ."

"ಡೀಸಲ್ ಓಡ್ಸೋರು ಲಾರಿಯೋರು. ಗಡಗಡ ಅಂತ ಅಲ್ಲಾಡ್ಕಂಡು ಊರೂರು ತಿರುಗೋಕೆ ನನ್ನ ಕೈಲಾಗಕ್ಕಿಲ್ಲ. ನಾನು ಅದರ ಸ್ಟೇರಿಂಗ್ ಮುಟ್ಟಕ್ಕಿಲ್ಲ, ತಿಳ್ಕೊ."

ಜಗಲಿಯಿಂದ ಗುರುಬಸಮ್ಮನ ದನಿ ಬಂತು. "ಕುದ್ರೆನೂ ಬ್ಯಾಡ, ಕೋಣನೂ ಬ್ಯಾಡ. ಒಂದು ಎಮ್ಮೆ ತಕ್ಕಳಿ. ಮಜ್ಜಿಗೆಯಾದ್ರೂ ಕಂಡೇವು."

ಯಾರೂ ನಗಲಿಲ್ಲ. ಏಕೆಂದರೆ ದೊಡ್ಡಸಿದ್ದಯ್ಯ ಆಗ ಇನ್ನೊಂದು ಸುದ್ದಿ ಹೇಳಿದ. ಕೊಳ್ಳೇಗಾಲದ ರೇಷ್ಮೆಗೂಡಿನ ವ್ಯಾಪಾರಿ ಶಿವರುದ್ರಸ್ವಾಮಿ ಸಾಹುಕಾರರು ಹೊಸ ಕಾರು ತೆಗೆದುಕೊಂಡಿದ್ದಾರೆ, ಡ್ರೈವರ್ ಬೇಕಂತೆ, ಯುಗಾದಿ ಕಳೆದ ಮೇಲೆ ಬರುತ್ತೇನೆಂದು ಒಪ್ಪಿಕೊಂಡಿದ್ದೇನೆ ಎಂದ. ಹೇಳುವಾಗ ಅವನು ತಟ್ಟೆಯನ್ನೇ ನೋಡುತ್ತಿದ್ದ. ಸ್ವಂತ ಗಾಡಿಯ ಮನುಷ್ಯ ಇನ್ನೊಬ್ಬರ ಕಾರಿನ ಬಾಗಿಲು ತೆರೆದು ಹಿಡಿದು ನಿಲ್ಲುವುದನ್ನು ನೆನೆದು ಚಿಕ್ಕನಿಂಗಮ್ಮನಿಗೆ ಸಂಕಟವಾಯಿತು. ಮಾರನೆಯ ಬೆಳಗ್ಗೆ ಮಗನನ್ನು ಕರೆದು, ಇಂಜಿನ್ನು ತರಿಸು ಎಂದಳು. ಯುಗಾದಿಯೊಳಗೆ ಗಾಡಿ ಓಡಬೇಕು, ಅಪ್ಪ ಅದರಲ್ಲಿ ಕೂರಬೇಕು, ಕೂರಿಸುವ ಭಾರ ನನ್ನದು.

ಆದರೆ ಒಂದು ಕಟ್ಟಳೆ ಹಾಕಿದಳು. ಹುಳು ಎರಡನೇ ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಮುಂಚೆ ಹುಳು ಮೇವು ಬಿಟ್ಟು ಮಂಕಾಗಿ ಕೂರುವುದನ್ನು ಅಲ್ಲಿ ಜ್ವರ ಎನ್ನುತ್ತಾರೆ. ಅಂಥ ನಾಲ್ಕು ಜ್ವರ ಕಳೆದು, ಮೇದು, ಹಣ್ಣಾಗಿ ಗೂಡು ಕಟ್ಟಬೇಕು. "ಕಳಚೋದು ಕೂರ್ಸೋದು ಏನಾದ್ರೂ ಮಾಡ್ಕೊ. ಗೂಡು ಬುಡ್ಸೋ ಗಂಟ ಅದು ನನ್ನ ಅಟ್ಟಿ ಮುಂದೆ ಉಸ್ರು ಬುಡಬಾರ್ದು" ಎಂದಳು. ಮನೆಗೆ ಆ ಕಡೆ ಅಟ್ಟಿ ಎನ್ನುತ್ತಾರೆ. ಮಾದಣ್ಣ ಒಪ್ಪಿದ. ಸ್ಟಾರ್ಟ್ ಮಾಡುವ ದಿನ ಗಾಡಿಯನ್ನು ನಾಲ್ಕು ಜನ ಸೇರಿ ಊರಾಚೆಗೆ ತಳ್ಳಿಕೊಂಡು ಹೋಗುವುದೆಂದು ತೀರ್ಮಾನವಾಯಿತು.

ಹುಣಸೆ ಕೊಂಬೆಗೆ ಚೈನು ಕಟ್ಟಿ ಹಳೇ ಇಂಜಿನ್ನನ್ನು ಎತ್ತಿದ ದಿನ ದೊಡ್ಡಸಿದ್ದಯ್ಯ ಬೆಳಗ್ಗೆಯೇ ಟೀ ಅಂಗಡಿಗೆ ಹೋದವನು ಸಂಜೆಗೆ ಬಂದ. ಇಂಜಿನ್ನು ಗೋಣಿಚೀಲದ ಮೇಲೆ ಮೂಲೆಯಲ್ಲಿ ಕೂತಿತ್ತು. ಅದರ ಮೇಲೆ ಇನ್ನೊಂದು ಗೋಣಿ ಹೊದಿಸಿದ. ಆಮೇಲೆ ಕೆಲಸ ನಡೆದಷ್ಟು ದಿನವೂ ಅವನು ಕಾರಿಗೆ ಬೆನ್ನು ಹಾಕಿ ಜಗಲಿಯಲ್ಲಿ ಕೂರುತ್ತಿದ್ದ. ಆದರೂ ಮಾದಣ್ಣ ಸ್ಪ್ಯಾನರ್ ತಿರುಗಿಸುವಾಗ ಅವನ ಕಿವಿ ಇತ್ತ ಕಡೆಗೇ ಇತ್ತು. ಒಮ್ಮೆ ಬೆನ್ನು ತಿರುಗಿಸದೆಯೇ, ಆ ಬೋಲ್ಟು ಅಡ್ಡ ಹತ್ತಿದೆ ಎಂದ. ಮಾದಣ್ಣ ನೋಡಿದರೆ ನಿಜಕ್ಕೂ ಅಡ್ಡ ಹತ್ತಿತ್ತು. ಅವನಿಗೆ ನೀರು ತಂದುಕೊಟ್ಟ ಹೆಂಡತಿ ಶಿವರತ್ನಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಬಂಡಳ್ಳಿಯಿಂದ ಮದುವೆಯಾಗಿ ಬಂದು ವರ್ಷವೂ ಆಗಿರಲಿಲ್ಲ. ಮಾವನ ಮುಂದೆ ನಗುವಷ್ಟು ಸಲಿಗೆ ಇನ್ನೂ ಬಂದಿರಲಿಲ್ಲ.

ನಾಲ್ಕನೇ ಜ್ವರ ಎದ್ದ ಹುಳುಗಳು ಹಗಲೂ ರಾತ್ರಿ ಮೇಯತೊಡಗಿದವು. ಈ ಹೊತ್ತಿನಲ್ಲಿ ಅವು ಮೇಯುವ ಸದ್ದು ಜಗಲಿಗೂ ಕೇಳುತ್ತದೆ. ಅತ್ತೆ ಸೊಸೆ ಇಬ್ಬರಿಗೂ ಕೂರಲು ಪುರಸೊತ್ತಿಲ್ಲ. ಅತ್ತ ಡೀಸೆಲ್ ಇಂಜಿನ್ನೂ ಕೂತಾಗಿತ್ತು. ಪೈಪಿನ ಗಾಳಿ ತೆಗೆದಾಗಿತ್ತು, ಬ್ಯಾಟರಿ ತುಂಬಿಸಿ ಇಟ್ಟಾಗಿತ್ತು. ಉಳಿದದ್ದು ಒಂದೇ, ಇಂಜಿನ್ನು ನಿಲ್ಲಿಸಲು ಎಳೆಯುವ ತಂತಿ ಮತ್ತು ಅದರ ತುದಿಯ ಹಿಡಿ, ಗುಬುಟು. ಅದನ್ನು ತರಲು ಒಂದು ಮಧ್ಯಾಹ್ನ ಮಾದಣ್ಣ ಕೊಳ್ಳೇಗಾಲಕ್ಕೆ ಹೋದ. ಹೆಂಗಸರು ಸೊಪ್ಪಿಗೆ ತೋಟಕ್ಕೆ ಹೋದರು. ಜಗಲಿಯಲ್ಲಿ ಮುದುಕಿ, ಅವಳ ಮಗ ಇಬ್ಬರೇ.

ದೊಡ್ಡಸಿದ್ದಯ್ಯ ಕಾರಿನ ಸುತ್ತ ಒಂದು ಸುತ್ತು ಬಂದ. ಬಾನೆಟ್ಟು ಎತ್ತಿ ನೋಡಿದ. ಮಗನ ಕೆಲಸ ಚೆನ್ನಾಗಿತ್ತು, ಅದು ಅವನಿಗೆ ಒಂದು ನೋಟಕ್ಕೇ ತಿಳಿಯಿತು, ಸಂತೋಷವೂ ಆಯಿತು. ನಾಳೆ ನಾಲ್ಕು ಜನರ ಮುಂದೆ ಸ್ಟಾರ್ಟ್ ಆಗದೆ ಹುಡುಗ ನಗೆಪಾಟಲಾದರೆ ಎಂಬ ದಿಗಿಲೂ ಆಯಿತು. ಒಂದೇ ಒಂದು ಸಲ. ಹತ್ತುತ್ತದೋ ಇಲ್ಲವೋ ನೋಡಿ, ತಕ್ಷಣ ಕೀಲಿ ತಿರುಗಿಸಿ ಆರಿಸಿಬಿಟ್ಟರೆ ಯಾವ ಹುಳುವಿಗೆ ತಿಳಿಯುತ್ತದೆ? ಹೀಗೆ ಅಂದುಕೊಂಡು ಅವನು ಸೀಟಿನಲ್ಲಿ ಕೂತ. ಕೈ ತನ್ನಷ್ಟಕ್ಕೆ ಸ್ಟೇರಿಂಗಿನ ಮೇಲೆ ಹೋಯಿತು.

ಇಂಜಿನ್ನು ಹತ್ತಿತು. ಇಡೀ ಕಾರು ನಡುಗಿತು. ಹಿಂದಿನಿಂದ ಕಪ್ಪನೆಯ ಹೊಗೆ ಎದ್ದಿತು. ಕಾರಿನ ಹಿಂಭಾಗ ಹುಳುಮನೆಯ ಕಿಟಕಿಗೆ ನೇರವಾಗಿತ್ತು. ದೊಡ್ಡಸಿದ್ದಯ್ಯ ಕೂಡಲೇ ಕೀಲಿ ತಿರುಗಿಸಿದ. ಇಂಜಿನ್ನು ನಿಲ್ಲಲಿಲ್ಲ. ಕೀಲಿ ಕಿತ್ತುಕೊಂಡ. ನಿಲ್ಲಲಿಲ್ಲ. ಪೆಟ್ರೋಲ್ ಗಾಡಿ ಕರೆಂಟು ಹೋದರೆ ಸಾಯುತ್ತದೆ, ಅವನ ಜೀವಮಾನದ ವಿದ್ಯೆ ಅದು. ಇಳಿದು ಓಡಿ ಬ್ಯಾಟರಿಯ ವೈರನ್ನೇ ಕಿತ್ತೆಸೆದ. ಡೀಸೆಲ್ಲಿಗೆ ಅದರ ಹಂಗಿಲ್ಲ. ಅದು ಗಡಗಡ ಅನ್ನುತ್ತಲೇ ಇತ್ತು. ಕೈ ಸುಟ್ಟುಕೊಂಡ, ಹೆಗಲ ಟವಲಿನಿಂದ ಏನೇನೋ ಹಿಡಿದು ತಿರುಗಿಸಿದ. ಅಂಗಳವೆಲ್ಲ ಹೊಗೆ. ಕೊನೆಗೆ ಬುದ್ಧಿ ಬಂದು, ಹತ್ತಿ ಕೂತು, ಬ್ರೇಕು ಒತ್ತಿ, ಟಾಪ್ ಗೇರಿಗೆ ಹಾಕಿ ಕ್ಲಚ್ಚು ಬಿಟ್ಟ. ಕಾರು ಒಮ್ಮೆ ಜಗ್ಗಿ ಸತ್ತಿತು. ಜಗಲಿಯಲ್ಲಿ ಗುರುಬಸಮ್ಮ ಕೆಮ್ಮುತ್ತ, ಮಗನನ್ನು ದಿಟ್ಟಿಸಿ ನೋಡುತ್ತ ಕೂತಿದ್ದಳು. ಅವನು ತಾಯಿಯ ಮುಖ ನೋಡಲಾರದೆ ಹಿತ್ತಿಲ ದಾರಿಯಲ್ಲಿ ಹೊರಟುಹೋದ.

ಹೆಂಗಸರು ಹೊರೆ ಹೊತ್ತು ಬಂದಾಗ ಹುಳುಮನೆಯಲ್ಲಿ ಸದ್ದಿರಲಿಲ್ಲ. ಚಿಕ್ಕನಿಂಗಮ್ಮ ತಟ್ಟೆಯಿಂದ ತಟ್ಟೆಗೆ ಹೋದಳು. ಹುಳುಗಳು ತಲೆ ಎತ್ತಿಕೊಂಡು ಹಾಗೇ ನಿಂತಿದ್ದವು, ಕೆಲವು ಬಾಯಲ್ಲಿ ಹಸಿರು ಕಾರುತ್ತಿದ್ದವು. ಅವಳು ನೆಲದ ಮೇಲೆ ಕೂತುಬಿಟ್ಟಳು. ಅಷ್ಟರಲ್ಲಿ ಬಸ್ಸಿಳಿದ ಮಾದಣ್ಣ ತಂತಿಯ ಸುರುಳಿ ಹಿಡಿದು ಅಂಗಳಕ್ಕೆ ಬಂದ. ತಾಯಿಯ ಅಳು ಕೇಳಿ ಕಾರಿನ ಬಳಿ ಹೋದ. ಕಿತ್ತು ಬಿದ್ದ ಬ್ಯಾಟರಿ ವೈರು ನೋಡಿದ. ಡೀಸೆಲ್ಲನ್ನು ಹಾಗೆ ನಿಲ್ಲಿಸಲು ಹೋಗುವ ಮನುಷ್ಯ ಆ ಊರಿನಲ್ಲಿ ಒಬ್ಬನೇ.

"ಯಾರ್ಲಾ ಇದ ಸ್ಟಾರ್ಟ್ ಮಾಡ್ದೋರು?" ಚಿಕ್ಕನಿಂಗಮ್ಮ ಬಾಗಿಲಲ್ಲಿ ನಿಂತು ಕೇಳಿದಳು.

"ನಾನೇ ಕಣವ್ವ. ಓಗೋಕೆ ಮುಂಚೆ ಒಂದು ಗಳಿಗೆ ನೋಡ್ದೆ."

ಚಿಕ್ಕನಿಂಗಮ್ಮ ಅತ್ತೆಯ ಕಡೆ ತಿರುಗಿದಳು. ಬೇಲಿಯಾಚೆ ಕಾಗೆ ಕೂಗಿದರೂ ಅದರ ವಂಶ ಹೇಳುವ ಗುರುಬಸಮ್ಮ, ತನಗೆ ಕಣ್ಣೂ ಕಾಣದು ಕಿವಿಯೂ ಕೇಳದು ಎಂದು ಗೋಡೆಗೆ ಮುಖ ಮಾಡಿದಳು.

ಆವತ್ತಿನಿಂದ ಚಿಕ್ಕನಿಂಗಮ್ಮ ಮಗನ ಜೊತೆ ಮಾತು ಬಿಟ್ಟಳು. ಮುದ್ದೆ ಇಡುತ್ತಿದ್ದಳು, ಸಾರು ಬಿಡುತ್ತಿದ್ದಳು, ಸಾಕೋ ಬೇಕೋ ಎಂದು ಕೇಳುತ್ತಿರಲಿಲ್ಲ. ಪಕ್ಕದಲ್ಲಿ ದೊಡ್ಡಸಿದ್ದಯ್ಯ ತಲೆ ತಗ್ಗಿಸಿ ಉಣ್ಣುತ್ತಿದ್ದ. ಎರಡು ಸಲ ಬಾಯಿ ತೆರೆದ. ಎರಡು ಸಲವೂ ಉಪ್ಪು ಕೇಳಿದ.

ಶಿವರತ್ನಮ್ಮನಿಗೆ ಇದು ತಡೆಯಲಿಲ್ಲ. ಗಂಡ ಹಿತ್ತಿಲಲ್ಲಿ ಸೌದೆ ಒಡೆಯುವಾಗ ಹಿಡಿದು ಕೇಳಿದಳು. "ಓಗೋಕೆ ಮುಂಚೆ ಅಂದ್ರಲ್ಲ. ನೀವು ಬಸ್ಸತ್ತಿದ ಮ್ಯಾಲೆ ನಾವು ತೋಟಕ್ಕೋಗಿದ್ದು. ಆಗ ಉಳ ಸರ್ಯಾಗಿ ಮೇಯ್ತಿದ್ವು. ಯಾರ ತಪ್ಪ ಮೈ ಮ್ಯಾಲೆ ಆಕ್ಕಂಡಿದ್ದೀರಿ?"

"ಸುಮ್ಕಿರಮ್ಮಿ. ಅಪ್ಪ ಆ ಇಂಜಿನ್ ಮುಟ್ಟವ್ನೆ. ಮುಟ್ಟಕ್ಕಿಲ್ಲ ಅಂದಿದ್ದೋನು ಮುಟ್ಟವ್ನೆ. ಈಗ ಅವ್ವ ಬಯ್ದ್ರೆ ಇನ್ನೆಂದೂ ಮುಟ್ಟಕ್ಕಿಲ್ಲ. ಯುಗಾದಿ ಆಗ್ತಿದ್ದಂಗೆ ಸಾವ್ಕಾರ್ರ ಕಾರಿಗೆ ಓಯ್ತಾನೆ."

ಹುಳುವಿನಲ್ಲಿ ಅರ್ಧಕ್ಕರ್ಧ ಸತ್ತವು. ಅತ್ತೆ ಸೊಸೆ ಅವನ್ನು ಆಯ್ದು ಗುಂಡಿಗೆ ಹಾಕಿದರು. ಉಳಿದವಕ್ಕೆ ತಟ್ಟೆ ಬದಲಿಸಿ, ಎಳೆಸೊಪ್ಪು ಕೊಟ್ಟು, ಮಗುವನ್ನು ನೋಡಿಕೊಂಡ ಹಾಗೆ ನೋಡಿಕೊಂಡರು. ಮೂರನೆಯ ಬೆಳಗ್ಗೆ ಅವರು ತೋಟಕ್ಕೆ ಹೋದರೆ ಸೊಪ್ಪು ಆಗಲೇ ಕೊಯ್ದು, ಕಟ್ಟು ಕಟ್ಟಿ, ಬದುವಿನ ಮೇಲೆ ಇಟ್ಟಿತ್ತು. ಮಾರನೆಯ ದಿನವೂ ಹಾಗೇ. ಕತ್ತಲಿರುವಾಗಲೇ ಎದ್ದು ಹೋಗಿ ಕೊಯ್ದವನು ಯಾರೆಂದು ಕೇಳುವ ಅಗತ್ಯವಿರಲಿಲ್ಲ, ಏಕೆಂದರೆ ಹೊರೆಯನ್ನು ಮನೆಗೆ ತಂದಿರಲಿಲ್ಲ. ಪಶ್ಚಾತ್ತಾಪ ಬಂದಿತ್ತು, ಆದರೆ ಸ್ಟೇರಿಂಗ್ ಹಿಡಿಯುವ ಕೈಗೆ ಹೊರೆಯ ಅಭ್ಯಾಸ ಇನ್ನೂ ಬಂದಿರಲಿಲ್ಲ.

ಬಟ್ಟೆ ಒಗೆಯುವ ಕಲ್ಲಿನ ಮೇಲೆ ಶಿವರತ್ನಮ್ಮ ಮಾವನ ಟವಲನ್ನು ಎಷ್ಟು ಉಜ್ಜಿದರೂ ಕಪ್ಪು ಹೋಗಲಿಲ್ಲ. ಅದನ್ನು ಹಿಂಡಿ ಅತ್ತೆಗೆ ತೋರಿಸಿದಳು. ಮಾತಿನಲ್ಲಿ ಹೇಳಲು ಧೈರ್ಯವಿರಲಿಲ್ಲ, ಟವಲಾದರೂ ಹೇಳಲಿ ಎಂದು.

"ಗೊತ್ತು ಕಣಮ್ಮಿ" ಎಂದಳು ಚಿಕ್ಕನಿಂಗಮ್ಮ. "ಆವತ್ತು ರಾತ್ರಿ ಉಣ್ಣಕ್ಕೆ ಕುಂತಾಗ್ಲೇ ನಿಮ್ಮಾವನ ಮೈಯಿಂದ ವಾಸ್ನೆ ಬಂತು. ಉಳದ ಮನೇಲಿ ಇಪ್ಪತ್ತು ವರ್ಸ ಬಾಳಿರೋಳಿಗೆ ಮೂಗಿಲ್ವಾ?"

"ಮತ್ತೆ ನಿಮ್ಮ ಮಗನ ಜೊತೆ ಯಾಕತ್ತೆ ಮಾತು ಬುಟ್ಟಿದ್ದೀರಿ?"

"ಮಗ ಪಡೋ ಪಾಡ ನೋಡಿಯಾದ್ರೂ ಅಪ್ಪ ಬಾಯಿ ಬುಡ್ತಾನಾ ಅಂತ." ಅವಳು ಟವಲನ್ನು ಕಿತ್ತುಕೊಂಡು ಹಗ್ಗದ ಮೇಲೆ ಹರವಿದಳು. ಕಣ್ಣು ತುಂಬಿಕೊಂಡಿದ್ದವು. ಮಗನ ಜೊತೆ ಮಾತಾಡದಿರುವುದು ಅವಳಿಗೆ ಹುಳು ಸತ್ತದ್ದಕ್ಕಿಂತ ಹೆಚ್ಚಿನ ಶಿಕ್ಷೆಯಾಗಿತ್ತು.

ದೊಡ್ಡಸಿದ್ದಯ್ಯ ಬಾಯಿ ಬಿಡಲಿಲ್ಲ. ಹುಳು ಹಣ್ಣಾದವು, ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆ ಏರಿದವು, ಗೂಡು ಕಟ್ಟಿದವು. ಗೂಡು ತೆಳ್ಳಗಿದ್ದವು, ಆದರೂ ಗೂಡೇ. ಬಿಡಿಸಿ ಮಂಕರಿಗಳಿಗೆ ತುಂಬಿದ ದಿನ ಮನೆಯಲ್ಲಿ ಬಹಳ ದಿನಗಳ ಮೇಲೆ ಸಾಸಿವೆ ಸಿಡಿಯಿತು. ಗುರುಬಸಮ್ಮ ಜಗಲಿಯಿಂದ ಒಳಗೆ ಬಂದು ಎರಡು ಸಲ ಸಾರು ಬಿಡಿಸಿಕೊಂಡಳು. ಯುಗಾದಿಗೆ ಇನ್ನು ನಾಲ್ಕೇ ದಿನ ಇತ್ತು. ದೊಡ್ಡಸಿದ್ದಯ್ಯ ಸಾಹುಕಾರರ ಕೆಲಸಕ್ಕೆಂದು ಬಿಳಿ ಶರಟು ಇಸ್ತ್ರಿ ಮಾಡಿಸಿ ಗೂಟಕ್ಕೆ ನೇತುಹಾಕಿದ್ದ.

ಪ್ರತಿ ಸಲ ಗೂಡು ಮಾರುಕಟ್ಟೆಗೆ ಹೋಗುತ್ತಿದ್ದದ್ದು ಬಾಡಿಗೆ ಎತ್ತಿನ ಗಾಡಿಯಲ್ಲಿ. ಪ್ಲೈಮೌತ್ ಇದ್ದದ್ದು ಬಾಡಿಗೆಯವರಿಗೆ, ಮನೆಯವರು ಅದರಲ್ಲಿ ಕೂರುವ ಪದ್ಧತಿಯೇ ಇರಲಿಲ್ಲ. ಆವತ್ತು ಬೆಳಗ್ಗೆ ಚಿಕ್ಕನಿಂಗಮ್ಮ ಗಾಡಿಯವನನ್ನು ವಾಪಸು ಕಳಿಸಿ, ಮಂಕರಿಗಳನ್ನು ಕಾರಿಗೇ ಹಾಕಿಸಿದಳು. ಮಾದಣ್ಣ ಸ್ಟೇರಿಂಗಿನ ಮುಂದೆ ಕೂತ.

"ನೀನು ಇಳಿ" ಎಂದಳು. ಇಷ್ಟು ದಿನಗಳ ಮೇಲೆ ಮಗನಿಗೆ ಅವಳಾಡಿದ ಮೊದಲ ಮಾತು ಅದು. ಆಮೇಲೆ ಜಗಲಿಯ ಕಡೆ ತಿರುಗಿದಳು. "ಬನ್ನಿ. ಮಾರ್ಕೆಟ್ಟಿಗೆ ಒತ್ತಾಯ್ತದೆ."

ದೊಡ್ಡಸಿದ್ದಯ್ಯ ಎದ್ದು ನಿಂತ. "ನಂಗೆ ಡೀಸಲ್ ಬರಕ್ಕಿಲ್ಲ ಕಣಮ್ಮಿ."

"ಸ್ಟಾರ್ಟ್ ಮಾಡೋಕೆ ಬತ್ತದೆ. ನಿಲ್ಸೋಕೆ ಬರಕ್ಕಿಲ್ಲ, ಅಷ್ಟೇಯ. ಅದ ಮಗ ಏಳ್ಕೊಡ್ತಾನೆ."

ಶಿವರತ್ನಮ್ಮ ನೆಲ ನೋಡಿದಳು. ಗುರುಬಸಮ್ಮನ ಕಣ್ಣು, ಕಿವಿ ಎರಡೂ ಇದ್ದಕ್ಕಿದ್ದಂತೆ ಸರಿಯಾಗಿ, ಅವಳು ಜಗಲಿಯ ಅಂಚಿಗೆ ಸರಿದು ಕೂತಳು. ದೊಡ್ಡಸಿದ್ದಯ್ಯ ಗೂಟದ ಬಿಳಿ ಶರಟನ್ನು ಒಮ್ಮೆ ನೋಡಿದ. ಹಗ್ಗದ ಮೇಲಿದ್ದ ಕಪ್ಪು ಕಲೆಯ ಟವಲನ್ನು ಎಳೆದು ಹೆಗಲಿಗೆ ಹಾಕಿಕೊಂಡು ಬಂದು ಕಾರಿನಲ್ಲಿ ಕೂತ. ಮಾದಣ್ಣ ಕಿಟಕಿಯೊಳಗೆ ಕೈಹಾಕಿ ಕರಿಯ ಗುಬುಟು ತೋರಿಸಿದ. ಕೀಲಿ ತಿರುಗಿಸಿ ಫಲವಿಲ್ಲ ಕಣಪ್ಪ, ಇದ ಎಳೀಬೇಕು ಎಂದ, ತಂದೆಯ ಮುಖ ನೋಡದೆ. ಆಮೇಲೆ ಹಿಂದೆ ಮಂಕರಿಗಳ ನಡುವೆ ತೂರಿಕೊಂಡ. ಚಿಕ್ಕನಿಂಗಮ್ಮ ಮುಂದಿನ ಸೀಟಿನಲ್ಲಿ ಗಂಡನ ಪಕ್ಕ ಕೂತಳು.

ದಾರಿಯುದ್ದಕ್ಕೂ ಕಾರು ಗಡಗಡ ಅಂತು. ಕನ್ನಡಿ ಅದುರಿತು, ಬಾಗಿಲು ಅದುರಿತು, ಚಿಕ್ಕನಿಂಗಮ್ಮನ ಬಳೆ ಅದುರಿತು. ದೊಡ್ಡಸಿದ್ದಯ್ಯ ಮುಖ ಗಂಟು ಹಾಕಿಕೊಂಡು ಓಡಿಸಿದ. ಕೊಳ್ಳೇಗಾಲದ ಹತ್ತಿರ ಏರು ಬಂದಾಗ ಅಭ್ಯಾಸದಂತೆ ಕೈ ಗೇರಿಗೆ ಹೋಯಿತು. ಗೇರು ಇಳಿಸುವ ಮೊದಲೇ ಕಾರು ಏರು ಹತ್ತಿಬಿಟ್ಟಿತ್ತು. ಅವನು ಕೈ ಹಿಂದಕ್ಕೆ ತೆಗೆದುಕೊಂಡ.

"ಎಳೀತದೆ" ಎಂದ. ಹಿಂದೆ ಮಂಕರಿಗಳ ನಡುವೆ ಮಾದಣ್ಣ ಕಣ್ಣು ಒರೆಸಿಕೊಂಡ.

ಗೂಡಿನ ಮಾರುಕಟ್ಟೆಯ ಮುಂದೆ ನಿಲ್ಲಿಸಿ ಅವನು ಕೀಲಿ ತಿರುಗಿಸಿದ. ಇಂಜಿನ್ನು ಓಡುತ್ತಲೇ ಇತ್ತು. ದೊಡ್ಡಸಿದ್ದಯ್ಯ ಗುಬುಟು ಹಿಡಿದು ಮೆಲ್ಲಗೆ ಎಳೆದ. ಸದ್ದು ನಿಂತಿತು.

"ಆವತ್ತು ಉಳಕ್ಕೆ ಡೀಸಲ್ ಒಗೆ ಬುಟ್ಟೋನು ನಾನು" ಎಂದ. "ಎಂಗೆ ನಿಲ್ಸೋದೂಂತ ಗೊತ್ತಾಗ್ನಿಲ್ಲ. ಆಮ್ಯಾಕೆ ಎಂಗೆ ಏಳೋದೂಂತ ಗೊತ್ತಾಗ್ನಿಲ್ಲ. ಮಾದ, ಕೇಳ್ತಾ?"

"ಕೇಳ್ತು ಕಣಪ್ಪ."

ಚಿಕ್ಕನಿಂಗಮ್ಮ ಸೆರಗು ಸರಿಮಾಡಿಕೊಂಡಳು. ಎದೆಯ ಮೇಲಿಂದ ಕಲ್ಲು ಇಳಿದ ಹಾಗಾಗಿತ್ತು. ಆದರೂ ಅವಳು ಹೇಳಿದ್ದು, ಗೂಡು ಬಿಸಿಲಿಗೆ ಬಿದ್ದರೆ ಕೆಡುತ್ತವೆ, ಇಳಿಸಿ ಎಂದಷ್ಟೇ. ಮಾದಣ್ಣ ಒಂದು ಮಂಕರಿಗೆ ಕೈ ಹಾಕಿದ. ತಂದೆ ಅವನ ಕೈ ಸರಿಸಿದ. ಹೆಗಲ ಮೇಲಿನ ಟವಲನ್ನು ಸುತ್ತಿ ಸಿಂಬಿ ಮಾಡಿ ತಲೆಯ ಮೇಲಿಟ್ಟು, ಅದರ ಮೇಲೆ ಮಂಕರಿ ಹೊತ್ತುಕೊಂಡ. ಹೊತ್ತು ಅಭ್ಯಾಸವಿಲ್ಲದ ಕತ್ತು ಒಂದು ಕಡೆಗೆ ವಾಲಿತು.

ಮಾರುಕಟ್ಟೆಯ ಬಾಗಿಲಲ್ಲಿ ಶಿವರುದ್ರಸ್ವಾಮಿ ನಿಂತಿದ್ದರು. ಕಾರು ಸಿದ್ದಯ್ಯನ ತಲೆಯ ಮೇಲೆ ಮಂಕರಿ ಕಂಡು ಅವರಿಗೆ ಗುರುತು ಹತ್ತಲು ಸ್ವಲ್ಪ ಹೊತ್ತು ಹಿಡಿಯಿತು. ಯುಗಾದಿಯ ಮಾರನೆಯ ದಿನವೇ ಬಂದುಬಿಡು, ಮೈಸೂರಿಗೆ ಹೋಗುವುದಿದೆ ಎಂದರು.

ದೊಡ್ಡಸಿದ್ದಯ್ಯ ನಿಂತ. ಮಂಕರಿ ಇಳಿಸಲಿಲ್ಲ.

"ಇನ್ಯಾರನ್ನಾದ್ರೂ ನೋಡ್ಕಳಿ ಸಾ. ನಂಗೆ ನಮ್ಮ ಅಟ್ಟೀಲೆ ಕೆಲಸ ಸಿಕ್ತು."